ಕುಟುಂಬ ಸಮೇತ ಕವಲೇದುರ್ಗ: ಬಳಕೆದಾರರ ಕೈಪಿಡಿ



ಕುಟುಂಬ ಎಂಬ ಸಾಧನವನ್ನು ಗುಡ್ಡ ಹತ್ತಿಸಲು ತೀರ್ಮಾನಿಸಿದ ನಿಮಗೆ ಅಭಿನಂದನೆ. ಈ ಸಾಧನ ತಯಾರಾಗಿರುವುದು ಮನೆ, ಮದುವೆ ಮಂಟಪ, ದರ್ಶಿನಿ ಹೋಟೆಲುಗಳಂಥ ಸಮತಟ್ಟಾದ ಜಾಗಗಳಿಗೆ. ಕಾಡಿನಲ್ಲಿ, ಏರಿನಲ್ಲಿ, ನೀರಿನ ಪಕ್ಕದಲ್ಲಿ ಅದು ಕೆಲಸ ಮಾಡುವುದೇ ಇಲ್ಲ ಎಂದೇನಿಲ್ಲ. ಆದರೆ ಕೈಪಿಡಿ ಓದದೆ ಹೊರಟವರು ಅರ್ಧ ದಾರಿಯಲ್ಲಿ ಬಂಡೆಯ ಮೇಲೆ ಕೂತು "ಇಲ್ಲಿಗೆ ಬರೋಣ ಅಂದವರು ಯಾರು?" ಎಂಬ ವಿಚಾರಣೆ ನಡೆಸಬೇಕಾಗುತ್ತದೆ. ಆರೋಪಿ ಸಾಮಾನ್ಯವಾಗಿ ಈಗ ಇದನ್ನು ಓದುತ್ತಿರುವವರೇ ಆಗಿರುತ್ತಾರೆ.

ಈ ಆವೃತ್ತಿ ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಅನ್ವಯಿಸುತ್ತದೆ. ಬೇರೆ ಗುಡ್ಡಕ್ಕೆ ಬಳಸುವುದಾದರೆ ಕೋಟೆಯ ಭಾಗ ಬಿಟ್ಟು ಓದಿಕೊಳ್ಳಿ. ಕುಮಾರಪರ್ವತಕ್ಕೆ ಬಳಸಲೇಬೇಡಿ.

1. ಬಿಡಿಭಾಗಗಳ ಪರಿಶೀಲನೆ

ಹೊರಡುವ ಮುನ್ನ ಎಲ್ಲ ಭಾಗಗಳೂ ಇವೆಯೇ ನೋಡಿಕೊಳ್ಳಿ. ಒಂದು ಪೂರ್ಣ ಸೆಟ್ಟಿನಲ್ಲಿ ಇವಿಷ್ಟು ಇರುತ್ತವೆ:

(ಅ) ಅಪ್ಪ. ಕೆಲಸ: ದಾರಿ ಗೊತ್ತಿದೆ ಎಂದು ಹೇಳುವುದು.

(ಆ) ಅಮ್ಮ. ಕೆಲಸ: ಉಳಿದದ್ದೆಲ್ಲ.

(ಇ) ಅಜ್ಜಿ. "ನಾನು ಕೆಳಗೇ ಕೂತಿರ್ತೀನಿ, ನೀವು ಹೋಗಿ ಬನ್ನಿ" ಎಂಬ ಧ್ವನಿಮುದ್ರಿಕೆ ಕಾರ್ಖಾನೆಯಲ್ಲೇ ಅಳವಡಿಸಿ ಬಂದಿರುತ್ತದೆ. ಅದನ್ನು ನಿಜವೆಂದು ನಂಬಬೇಡಿ. ಎರಡನೇ ಸಲ ಕರೆದರೆ ಏಳುತ್ತಾರೆ.

(ಈ) ಹತ್ತು ವರ್ಷದ ಮಗಳು. ಎಲ್ಲರಿಗಿಂತ ಮುಂದೆ ಓಡುತ್ತಾಳೆ. ಬ್ರೇಕನ್ನು ಪ್ರತ್ಯೇಕವಾಗಿ ಒದಗಿಸಿಲ್ಲ.

(ಉ) ಐದು ವರ್ಷದ ಮಗ. ಚಲನೆ, ನಿಲುಗಡೆ, ಅಳು, ಹಸಿವು ನಾಲ್ಕಕ್ಕೂ ಒಂದೇ ಗುಂಡಿ. ಯಾವಾಗ ಯಾವುದು ಶುರುವಾಗುತ್ತದೆ ಎಂದು ಹೇಳಲು ತಯಾರಕರಿಗೂ ಸಾಧ್ಯವಿಲ್ಲ.

(ಊ) ಭಾವ. ಇದು ಹೆಚ್ಚುವರಿ ಭಾಗ. ಕೆಲವು ಸೆಟ್ಟುಗಳಲ್ಲಿ ಮಾತ್ರ ಸಿಗುತ್ತದೆ. ಕಾಲೇಜಿನಲ್ಲಿದ್ದಾಗ ಕುಮಾರಪರ್ವತ ಹತ್ತಿದ್ದನ್ನು ಪ್ರತಿ ತಿರುವಿನಲ್ಲೂ ನೆನಪಿಸುವುದು ಇದರ ಕೆಲಸ. ಮೊದಲ ಏರಿಗೆ ಉಸಿರು ಸಿಕ್ಕಿಹಾಕಿಕೊಂಡಾಗ ತಾನಾಗಿಯೇ ಮೌನಕ್ಕೆ ಹೋಗುತ್ತದೆ. ದೋಷವೆಂದು ದೂರು ಕೊಡಬೇಡಿ.

2. ಸ್ಥಳದ ತಾಂತ್ರಿಕ ವಿವರ

ಕವಲೇದುರ್ಗ ತೀರ್ಥಹಳ್ಳಿಯಿಂದ ಸುಮಾರು 18 ಕಿ.ಮೀ. ಹಳೆಯ ಹೆಸರು ಭುವನಗಿರಿ. ಬುಡದಲ್ಲಿ ಊರು, ಗದ್ದೆ, ತಿಮ್ಮಣ್ಣನಾಯಕನ ಕೆರೆ, ಮೇಲೆ ಕಾಡು, ಕಾಡಿನೊಳಗೆ ಒಂದರ ಮೇಲೊಂದರಂತೆ ಮೂರು ಸುತ್ತಿನ ಕಲ್ಲಿನ ಕೋಟೆ. ಕೆಳದಿಯ ವೆಂಕಟಪ್ಪ ನಾಯಕನ ಕಾಲದಲ್ಲಿ ಈ ಕೋಟೆ ಬಲಗೊಂಡಿತು. ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದಾಗ, 1689ರಲ್ಲಿ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮಾಜಿ ಇದೇ ಕೆಳದಿ ಮನೆತನದ ರಾಣಿ. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಹಿಡಿದ ಮೇಲೆ ಮನೆತನದ ಆಳ್ವಿಕೆಯೇ ಮುಗಿಯಿತು. ಈಗ ಕೋಟೆಯ ಗೋಡೆಗಳ ಮೇಲೆ ಆಲದ ಬೇರುಗಳ ಆಳ್ವಿಕೆ.

ಈ ಇತಿಹಾಸದಲ್ಲಿ ಬಳಕೆದಾರರಿಗೆ ಬೇಕಾದ ಅಂಶ ಒಂದೇ. ಕೋಟೆ ಕಟ್ಟಿದವರ ಉದ್ದೇಶ, ಕೆಳಗಿನಿಂದ ಬರುವವರು ಬೇಗ ಮೇಲಕ್ಕೆ ಬರಬಾರದು ಎಂಬುದು. ಅದಕ್ಕೇ ಏರು ದಾರಿ, ಅದಕ್ಕೇ ತಿರುವು, ಅದಕ್ಕೇ ಬಾಗಿಲಿನ ಮೇಲೆ ಬಾಗಿಲು. ನುಗ್ಗಿ ಬಂದವನಿಗೆ ಓಟದ ವೇಗ ಸಿಗದಂತೆ ಮಾಡುವುದು ದುರ್ಗ ಕಟ್ಟುವವರ ಹಳೆಯ ಯುಕ್ತಿ. ಅಂದರೆ ಈ ಗುಡ್ಡವನ್ನು ವಿನ್ಯಾಸ ಮಾಡಿರುವುದೇ ನಿಧಾನವಾಗಿ ಹತ್ತಲಿಕ್ಕೆ. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವ ಅಜ್ಜಿ, ಇರುವೆ ಸಾಲನ್ನು ನೋಡುತ್ತಾ ಕುಳಿತ ಮಗ, ಇವರು ದುರ್ಗವನ್ನು ಸರಿಯಾಗಿ ಬಳಸುತ್ತಿದ್ದಾರೆ. ದಡಬಡ ಹತ್ತಿ ಸೆಲ್ಫಿ ತೆಗೆದು ಇಳಿಯುವವರು ವಿನ್ಯಾಸಕ್ಕೆ ವಿರುದ್ಧವಾಗಿ ನಡೆದುಕೊಳ್ಳುತ್ತಿದ್ದಾರೆ.

3. ಯಾವ ಋತುವಿನಲ್ಲಿ ಬಳಸಬೇಕು

ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಧನವನ್ನು ಮನೆಯೊಳಗೆ, ಒಣಗಿದ ಜಾಗದಲ್ಲಿ, ಬಿಸಿ ಬೋಂಡದ ಪಕ್ಕದಲ್ಲಿ ಇಡುವುದು ಕ್ಷೇಮ. ಹಾಸುಗಲ್ಲಿನ ದಾರಿಗೆ ಪಾಚಿ ಕಟ್ಟಿರುತ್ತದೆ. ಕಾಲಿಟ್ಟವರು ಹತ್ತಿದಷ್ಟೇ ಇಳಿಯುತ್ತಾರೆ. ಜೊತೆಗೆ ಉಂಬಳ, ಅಂದರೆ ಕಾಡಿನ ಜಿಗಣೆ.

ಉಂಬಳದ ಬಗ್ಗೆ ಪೇಟೆಯ ಬಳಕೆದಾರರಿಗೆ ವಿಶೇಷ ಸೂಚನೆ. ಕಾಡಿನ ಒದ್ದೆ ಎಲೆಗಳಲ್ಲಿ ಇದು ಬಾಲದ ಮೇಲೆ ನಿಂತು, ನಿಮ್ಮ ಉಸಿರಿನ ಗಾಳಿ, ಹೆಜ್ಜೆಯ ಅದುರು, ಮೈಯ ಶಾಖ ಮೂರನ್ನೂ ಹಿಡಿದು ಹತ್ತಿರ ಬರುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಅದು ಬಿಟ್ಟ ಮೇಲೂ ಗಾಯ ಸ್ವಲ್ಪ ಹೊತ್ತು ಸುರಿಯುತ್ತದೆ. ಕಿತ್ತು ಎಳೆಯಬೇಡಿ, ಉಗುರಿನ ಅಂಚನ್ನು ಅದರ ಬಾಯಿಯ ಕೆಳಗೆ ಜಾರಿಸಿ ಬಿಡಿಸಿ, ತೊಳೆದು, ಒತ್ತಿ ಹಿಡಿಯಿರಿ. ಮಲೆನಾಡಿನವರು ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಸವರಿಕೊಳ್ಳುವುದುಂಟು. ಬೊಬ್ಬೆ ಹಾಕುವುದರಿಂದ ಉಂಬಳಕ್ಕೆ ಏನೂ ಆಗುವುದಿಲ್ಲ, ಅದಕ್ಕೆ ಕಿವಿಯಿಲ್ಲ.

ಮಳೆ ನಿಂತಿತು, ಉಂಬಳ ಹೋಯಿತು ಎಂದು ಡಿಸೆಂಬರ್ ಹೊತ್ತಿಗೆ ಹೊರಟರೆ ಉಣುಗಿನ ಕಾಲ ಶುರು. ಇಲ್ಲಿ ಕೈಪಿಡಿ ತಮಾಷೆಯನ್ನು ಬದಿಗಿಡುತ್ತದೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಉಣುಗು. ಬೇಸಿಗೆ ಮುಗಿಯುವವರೆಗೂ ಅದರ ಹಾವಳಿ. ತರಗೆಲೆಯ ಮೇಲೆ ಕೂರಬೇಡಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಆರೋಗ್ಯ ಇಲಾಖೆಯವರು ಉಣುಗು ಹತ್ತದಂತೆ ಕಾಡಂಚಿನ ಊರುಗಳಲ್ಲಿ ಕೊಡುವ ಡೆಪಾ ತೈಲ ಸಿಕ್ಕರೆ ಸವರಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೋ ಆಸ್ಪತ್ರೆಗೋ ತಿಳಿಸಿ. ಮನೆಗೆ ಬಂದು ಬಿಸಿನೀರಿನ ಸ್ನಾನ ಮಾಡಿ, ಮಕ್ಕಳ ಮೈಯನ್ನು ಮಡಿಕೆ ಮಡಿಕೆಯಾಗಿ ನೋಡಿ. ಆಮೇಲೆ ಜ್ವರ ಬಂದರೆ, ಕಾಡಿಗೆ ಹೋಗಿದ್ದೆವು ಎಂಬುದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಹೀಗೆ ಉಂಬಳವನ್ನೂ ಉಣುಗನ್ನೂ ಕಳೆದರೆ ಉಳಿಯುವುದು ಅಕ್ಟೋಬರಿನ ಕೊನೆ ಮತ್ತು ನವೆಂಬರ್. ಅದೇ ಹೊತ್ತಿಗೆ ದೀಪಾವಳಿ, ಮನೆ ತುಂಬ ನೆಂಟರು. ಬಿಡಿಭಾಗ (ಊ) ದೊರೆಯುವುದೂ ಆಗಲೇ.

4. ಜೋಡಣೆ

ಹೆಗಲ ಚೀಲ ಎರಡೇ ಇರಲಿ. ಒಂದರಲ್ಲಿ ನೀರು, ಒಂದರಲ್ಲಿ ಊಟ. ಮೂರನೆಯ ಚೀಲದಲ್ಲಿ "ಇರ್ಲಿ ಅಂತ" ತಂದ ವಸ್ತುಗಳಿರುತ್ತವೆ: ಮಡಚುವ ಚಾಪೆ, ಬ್ಲೂಟೂತ್ ಸ್ಪೀಕರ್, ಎರಡು ಸ್ವೆಟರ್, ಅಜ್ಜಿಯ ಎಲೆಯಡಿಕೆ ಡಬ್ಬಿ. ಡಬ್ಬಿಯನ್ನು ಹೊರಗೆ ತೆಗೆದು ಅಜ್ಜಿಗೆ ಕೊಟ್ಟು, ಉಳಿದ ಚೀಲವನ್ನು ಕಾರಿನಲ್ಲೇ ಬಿಡಿ. ಸ್ಪೀಕರನ್ನು ಮನೆಯಲ್ಲೇ ಬಿಟ್ಟಿದ್ದರೆ ಇನ್ನೂ ಒಳ್ಳೆಯದಿತ್ತು.

ಊಟಕ್ಕೆ ಪುಳಿಯೋಗರೆ. ಬೆಳಿಗ್ಗೆ ಕಲಸಿದ್ದು ಮಧ್ಯಾಹ್ನಕ್ಕೆ ರುಚಿ ಹೆಚ್ಚಿಸಿಕೊಳ್ಳುವ ಅನ್ನ ಅದೊಂದೇ. ಮೊಸರನ್ನ ತಂದರೆ ಹಾಲು ಹೆಚ್ಚು, ಮೊಸರು ಕಡಿಮೆ ಹಾಕಿ ಕಲಸಿ; ಕುಲುಕಾಟಕ್ಕೂ ಬಿಸಿಲಿಗೂ ಅದು ತಾನೇ ಹುಳಿಯಾಗುತ್ತದೆ. ಸೌತೆಕಾಯಿ, ಉಪ್ಪು, ಖಾರದಪುಡಿ, ಒಂದು ಚಾಕು. ಕೋಡುಬಳೆಯನ್ನು ಕೈಗೆ ಸಿಗುವ ಜೇಬಿನಲ್ಲಿ ಇಡಿ. (ಉ) ಭಾಗಕ್ಕೆ ಇಂಧನ ಅದೇ. ತಂದ ಪ್ಲಾಸ್ಟಿಕ್ಕೆಲ್ಲ ನಿಮ್ಮ ಜೊತೆಗೇ ಕೆಳಗಿಳಿಯಬೇಕು. ಕೋಟೆ ಸಂರಕ್ಷಿತ ಸ್ಮಾರಕ. ಚಿಪ್ಸ್ ಕವರನ್ನು ಸಂರಕ್ಷಿಸುವುದು ಅದರ ಕೆಲಸವಲ್ಲ.

ಚಪ್ಪಲಿ ಬೇಡ, ಶೂ ಹಾಕಿ. ಹೊಸ ಶೂ ಬೇಡ. ಹೊಸ ಶೂವಿನಲ್ಲಿ ಮೊದಲ ದಿನ ಅಂಗಡಿಯಿಂದ ಮನೆಗೆ ಮಾತ್ರ ನಡೆಯಬಹುದು.

5. ಚಾಲನೆ

ವೇಗವನ್ನು ಹೀಗೆ ಲೆಕ್ಕ ಹಾಕಿ. 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸೂತ್ರ ಕೊಟ್ಟ: 3 ಮೈಲಿ ನಡಿಗೆಗೆ 1 ಗಂಟೆ, ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಇಂದಿಗೂ ಗುಡ್ಡ ಹತ್ತುವವರು ಇದನ್ನೇ ಹಿಡಿದು ಸಮಯ ಅಂದಾಜು ಮಾಡುತ್ತಾರೆ. ಆದರೆ ನೇಸ್ಮಿತ್ ಲೆಕ್ಕ ಹಾಕಿದ್ದು ಗಟ್ಟಿ ಕಾಲಿನ, ನಿಲ್ಲದೆ ನಡೆಯುವ ಗಂಡಸಿಗೆ. ದಾರಿಯಲ್ಲಿ ಒಂಬತ್ತು ಕೋಲು ಹೆಕ್ಕಿ, ಅದರಲ್ಲಿ ಏಳನ್ನು ಎಸೆದು, ಎರಡರಲ್ಲಿ ಯಾವುದು ಕತ್ತಿ ಯಾವುದು ಬಂದೂಕು ಎಂದು ತೀರ್ಮಾನಿಸುವ ಹುಡುಗನ ಸಮಯ ಅದರಲ್ಲಿ ಸೇರಿಲ್ಲ. ಆದ್ದರಿಂದ ಸೂತ್ರದಿಂದ ಬಂದ ಉತ್ತರವನ್ನು ಎರಡರಿಂದ ಗುಣಿಸಿ. ಅಜ್ಜಿ ಬಂದಿದ್ದರೆ ಮೂರರಿಂದ. ಭಾವ ಬಂದಿದ್ದರೂ ಮೂರರಿಂದಲೇ.

ಸಾಲಿನ ಕ್ರಮ ಈ ಕೈಪಿಡಿಯ ಅತಿ ಮುಖ್ಯ ಸೂಚನೆ. ಅತಿ ನಿಧಾನವಾಗಿ ನಡೆಯುವವರು ಮುಂದೆ. ಅಪ್ಪ ಮುಂದೆ ಹೋದರೆ ಆಗುವುದು ಇಷ್ಟೇ: ಅವರು ತಿರುವಿನಲ್ಲಿ ಸೊಂಟಕ್ಕೆ ಕೈಯಿಟ್ಟು ಕಾಯುತ್ತಾರೆ, ಹಿಂದಿನವರು ಏದುಸಿರಿನಲ್ಲಿ ಬಂದು ಸೇರುತ್ತಾರೆ, ಸೇರಿದ ತಕ್ಷಣ ಅಪ್ಪ "ಹ್ಞಾಂ, ನಡೀರಿ" ಎನ್ನುತ್ತಾರೆ. ಹೀಗೆ ದಣಿವಾರಿಸಿಕೊಳ್ಳುವ ಅವಕಾಶ ಯಾರಿಗೆ ದಣಿವಾಗಿಲ್ಲವೋ ಅವರಿಗೇ ಸಿಗುತ್ತದೆ. ಮಗನನ್ನು ಮುಂದೆ ಬಿಟ್ಟರೆ ಇಡೀ ಸಾಲಿಗೆ ಅವನ ಹೆಜ್ಜೆ ಬರುತ್ತದೆ, ಯಾರೂ ಹಿಂದೆ ಬೀಳುವುದಿಲ್ಲ. ತಾನೇ ದಾರಿ ತೋರಿಸುತ್ತಿದ್ದೇನೆ ಎಂಬ ಠೀವಿಯಲ್ಲಿ ಅವನು ಕಾಲು ನೋವನ್ನೂ ಮರೆಯುತ್ತಾನೆ. ಅವನ ಹಿಂದೆಯೇ ಅಮ್ಮ ಇರಲಿ. ಕೊನೆಯಲ್ಲಿ ಅಪ್ಪ. ಹಿಂದಿನಿಂದಲೂ ದಾರಿ ಗೊತ್ತಿದೆ ಎಂದು ಹೇಳಬಹುದು.

ನಿಶ್ಶಬ್ದ ಬೇಕಾದಾಗ "ಸುಮ್ನಿರೋ" ಎಂಬ ಆಜ್ಞೆ ಕೆಲಸ ಮಾಡುವುದಿಲ್ಲ. "ಮೇಲೆ ಕೆಂಜಳಿಲು ಇರ್ಬೇಕು, ಮೊದಲು ಯಾರು ಕಂಡುಹಿಡೀತಾರೆ ನೋಡೋಣ" ಎನ್ನಿ. ಅಳಿಲು ಕಾಣಬಹುದು, ಕಾಣದಿರಬಹುದು. ಮಂಗಟ್ಟೆಯ ರೆಕ್ಕೆ ಬಡಿತ ಕೇಳಬಹುದು. ಏನೂ ಇಲ್ಲದಿದ್ದರೂ ಮುಂದಿನ ಇನ್ನೂರು ಹೆಜ್ಜೆ ಯಾರೂ "ಇನ್ನೂ ಎಷ್ಟು ದೂರ?" ಎಂದು ಕೇಳುವುದಿಲ್ಲ. ಇದು ಕಾಳಿಂಗ ಸರ್ಪದ ಸೀಮೆಯೂ ಹೌದು; ಕಲ್ಲಿನ ಸಂದಿಗೆ, ಪೊಟರೆಗೆ ಕೈ ಹಾಕಬಾರದೆಂಬುದನ್ನು ಕತ್ತಿ-ಬಂದೂಕು ಇರುವವರಿಗೂ ಮೊದಲೇ ಹೇಳಿಡಿ.

6. ಬಾಗಿಲುಗಳು ಮತ್ತು ಒಲೆ

ಕೋಟೆಯ ಪ್ರತಿ ಬಾಗಿಲಿನಲ್ಲೂ ನಿಲ್ಲಿ. ಅಲ್ಲಿ ಕಾವಲುಗಾರರಿಗೆಂದು ಕಟ್ಟಿದ ಕಲ್ಲಿನ ಜಾಗಗಳಿವೆ. ಹಿಂದೆ ಇಲ್ಲಿ ಕೂತವರು ಕೆಳಗಿನಿಂದ ಬರುವವರನ್ನು ತಡೆಯಲು ಕೂತಿದ್ದರು. ಈಗ ಕೆಳಗಿನಿಂದ ಬಂದವರೇ ಕೂತು ನೀರು ಕುಡಿಯುತ್ತಾರೆ. ಅಜ್ಜಿಗೆ "ಶಿಖರದವರೆಗೆ" ಎಂದು ಯಾವತ್ತೂ ಹೇಳಬೇಡಿ. "ಮುಂದಿನ ಬಾಗಿಲವರೆಗೆ" ಎನ್ನಿ. ಮಂಡಿಗೆ ಅರ್ಥವಾಗುವ ಅಳತೆ ಅದೇ.

ಒಳಗೆ ಕಾಶಿ ವಿಶ್ವನಾಥನ ಗುಡಿ, ಕೊಳಗಳು, ಅರಮನೆಯ ಅಡಿಪಾಯ ಇವೆ. ಕೆಳಗೆ ಅಷ್ಟು ದೊಡ್ಡ ಕೆರೆಯಿದ್ದೂ ಮೇಲೆ ಕೊಳಗಳೇಕೆ ಎಂದು ಮಗಳು ಕೇಳಿದರೆ, ಉತ್ತರ ಅವಳಿಂದಲೇ ಬರಲಿ: ವೈರಿ ಬಂದು ಸುತ್ತುವರಿದರೆ ಕೆಳಗಿನ ಕೆರೆ ಯಾರ ಪಾಲಾಗುತ್ತದೆ? ಪಾಠಪುಸ್ತಕದಲ್ಲಿ ಎರಡು ಅಂಕಕ್ಕೆ ಬರುವ ಪ್ರಶ್ನೆ ಇಲ್ಲಿ ಬಾಯಾರಿದ ಗಂಟಲಿಗೆ ತಾನಾಗಿ ತಿಳಿಯುತ್ತದೆ.

ಅರಮನೆಯ ಅವಶೇಷಗಳಲ್ಲಿ ಅಡುಗೆಮನೆಯೂ ಒಂದು. ಅದರಲ್ಲಿ ಐದು ಉರಿಯ ಕಲ್ಲಿನ ಒಲೆ. ಪಕ್ಕದಲ್ಲೇ ಬಚ್ಚಲು, ನೀರು ಹರಿದುಹೋಗುವ ವ್ಯವಸ್ಥೆ. ಅಪ್ಪ ಇಲ್ಲಿ ರಾಜರ ಹೆಸರುಗಳನ್ನು ಹೇಳಲು ಹೊರಡುತ್ತಾರೆ, ಯಾರೂ ಕೇಳುವುದಿಲ್ಲ. ಅಮ್ಮ ಮತ್ತು ಅಜ್ಜಿ ಒಲೆಯ ಮುಂದೆ ಕೂತು, ಐದರಲ್ಲಿ ಯಾವುದರ ಮೇಲೆ ಅನ್ನ, ಯಾವುದರ ಮೇಲೆ ಸಾರು, ಬೂದಿ ಎಲ್ಲಿಂದ ತೆಗೆಯುತ್ತಿದ್ದರು, ಹೊಗೆ ಎಲ್ಲಿಗೆ ಹೋಗುತ್ತಿತ್ತು ಎಂದು ಶುರುಮಾಡುತ್ತಾರೆ. ಕೆಳದಿ ಅರಸರ ಬಗ್ಗೆ ಆ ದಿನ ನಡೆಯುವ ಅತಿ ಗಂಭೀರ ಸಂಶೋಧನೆ ಇದು. ಅವಸರ ಮಾಡಬೇಡಿ.

ಇನ್ನೂ ಶಕ್ತಿ ಉಳಿದಿದ್ದರೆ ಮೇಲೆ ಶಿಖರೇಶ್ವರನ ಗುಡಿ, ಅಲ್ಲಿಂದ ವಾರಾಹಿಯ ಹಿನ್ನೀರಿನ ನೋಟ. ಉಳಿದಿಲ್ಲದಿದ್ದರೆ ಒಲೆಯ ಹತ್ತಿರದಿಂದಲೇ ಹಿಂದಿರುಗಿ. ಹಿಂದಿರುಗುವುದು ಈ ಸಾಧನದ ದೋಷವಲ್ಲ, ಅದರ ಸೌಲಭ್ಯಗಳಲ್ಲೊಂದು. ಪೆಟ್ಟಿಗೆಯ ಮೇಲೆ ಮುದ್ರಿಸಲು ಜಾಗ ಸಾಲಲಿಲ್ಲ.

7. ತೊಂದರೆಗಳು, ಕಾರಣ, ಪರಿಹಾರ

ತೊಂದರೆ: ಮಗ ನಡೆಯುವುದಿಲ್ಲ, ಎತ್ತಿಕೋ ಎನ್ನುತ್ತಾನೆ. ಕಾರಣ: ಅಪ್ಪ ಹತ್ತಿರದಲ್ಲಿದ್ದಾರೆ. ಪರಿಹಾರ: ಕೋಡುಬಳೆ. ಫಲಿಸದಿದ್ದರೆ ಅಪ್ಪನನ್ನು ಹತ್ತು ಮಾರು ಹಿಂದಕ್ಕೆ ಸರಿಸಿ.

ತೊಂದರೆ: ಮಗಳು ಕಾಣಿಸುತ್ತಿಲ್ಲ. ಕಾರಣ: ಮುಂದಿನ ತಿರುವಿನಲ್ಲಿದ್ದಾಳೆ. ಪರಿಹಾರ: ಕವಲು ಸಿಕ್ಕಲ್ಲಿ, ಬಾಗಿಲು ಸಿಕ್ಕಲ್ಲಿ ನಿಲ್ಲಲೇಬೇಕೆಂಬ ಕರಾರನ್ನು ಹೊರಡುವ ಮೊದಲೇ ಮಾಡಿಕೊಳ್ಳಿ. ಕಾಡಿನಲ್ಲಿ ಮಾಡಿಕೊಂಡ ಕರಾರು ಕೂಗಾಟದಂತೆ ಕೇಳುತ್ತದೆ.

ತೊಂದರೆ: ಮಂಗಗಳು ಊಟದ ಚೀಲವನ್ನು ದಿಟ್ಟಿಸುತ್ತಿವೆ. ಕಾರಣ: ಹಿಂದಿನ ವಾರದ ಬಳಕೆದಾರರು ಚಿಪ್ಸ್ ಹಂಚಿದ್ದಾರೆ. ಪರಿಹಾರ: ಅಲ್ಲಿ ಚೀಲ ಬಿಚ್ಚಬೇಡಿ, ಏನನ್ನೂ ಕೊಡಬೇಡಿ. ಮುಂದಿನ ವಾರದವರು ನಿಮ್ಮನ್ನು ಶಪಿಸದಿರಲಿ.

ತೊಂದರೆ: ಅಪ್ಪನ ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಪರಿಹಾರ: ಇದನ್ನು ತೊಂದರೆಗಳ ಪಟ್ಟಿಯಿಂದ ತೆಗೆಯಲಾಗಿದೆ.

ತೊಂದರೆ: ಇಳಿಯುವಾಗ ಅಜ್ಜಿಯ ಮಂಡಿ ನೋಯುತ್ತಿದೆ. ಕಾರಣ: ಹತ್ತುವಾಗ ಸುಸ್ತಾಗುವುದು ಉಸಿರಿಗೆ, ಇಳಿಯುವಾಗ ಮೈಭಾರವೆಲ್ಲ ಮಂಡಿಗೆ. ಪರಿಹಾರ: ಅಡ್ಡಡ್ಡ ಹೆಜ್ಜೆ, ಚಿಕ್ಕ ಹೆಜ್ಜೆ, ಮತ್ತು ಮಗ ಎಸೆಯದೆ ಉಳಿಸಿಕೊಂಡ ಎರಡು ಕೋಲುಗಳಲ್ಲಿ ಒಂದು. ಬಂದೂಕನ್ನು ಕೊಡುತ್ತಾನೆ, ಕತ್ತಿಯನ್ನು ಕೊಡುವುದಿಲ್ಲ.

ಚಳಿಗಾಲದಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಮರಗಳ ಕೆಳಗೆ ಇನ್ನೂ ಬೇಗ ಕತ್ತಲು. ನಾಲ್ಕು ಗಂಟೆಗೆ ಇಳಿಯಲು ಶುರುಮಾಡಿ. ಸೂರ್ಯಾಸ್ತ ನೋಡಿಯೇ ಇಳಿಯೋಣ ಎಂಬ ಸಲಹೆ (ಊ) ಭಾಗದಿಂದ ಬರುತ್ತದೆ. ಅದನ್ನು ಗೌರವದಿಂದ ಆಲಿಸಿ, ಇಳಿಯುತ್ತಿರಿ.

8. ಕೆರೆಯನ್ನು ತೆರೆಯುವ ಕ್ರಮ

ಕೆರೆಯ ಬಳಿ ನಿಲ್ಲುವುದನ್ನು ಇಳಿದು ಬಂದ ಮೇಲಕ್ಕೆ ಇಟ್ಟುಕೊಳ್ಳಿ. ಹತ್ತುವ ಮೊದಲೇ ನೀರಿನ ಅಂಚಿಗೆ ಹೋದ ಐದು ವರ್ಷದವರು ಆಮೇಲೆ ಯಾವ ಸಾಮ್ರಾಜ್ಯದ ಕೋಟೆಗೂ ಏಳುವುದಿಲ್ಲ. ಕೊನೆಗೆ ಉಳಿಸಿಟ್ಟರೆ, ಇಳಿಯುವ ದಾರಿಯ ಪ್ರತಿ ಅಳುವಿಗೂ "ಕೆರೆ ಇನ್ನೂ ಇದೆಯಲ್ಲ" ಎಂಬ ಉತ್ತರ ಕೈಯಲ್ಲಿರುತ್ತದೆ.

ನೀರಿಗೆ ಇಳಿಯಬಾರದು. ಕೆರೆಯ ತಳ ಕೆಸರು, ಕಳೆಯ ಬೇರು. ಈಜು ಬಲ್ಲವರಿಗೂ ಕಾಲು ಸಿಕ್ಕಿಕೊಳ್ಳುತ್ತದೆ. ದಡದಲ್ಲಿ ಕೂತು ಚಪ್ಪಟೆ ಕಲ್ಲು ಹೆಕ್ಕಿ ನೀರಿನ ಮೇಲೆ ಕುಪ್ಪಳಿಸುವಂತೆ ಎಸೆಯುವ ಸ್ಪರ್ಧೆ ಇಡಿ. ಇದರಲ್ಲಿ ಭಾವ ಗೆಲ್ಲಲಿ. ಬೆಳಿಗ್ಗೆಯಿಂದ ಅವರಿಗೆ ಒಂದೂ ಗೆಲುವು ಸಿಕ್ಕಿಲ್ಲ.

9. ವಾರಂಟಿ

ಈ ಸಾಧನಕ್ಕೆ ವಾರಂಟಿ ಇಲ್ಲ. ಗೀರು, ತರಚು, ಕೆಸರು, ಮುಳ್ಳಿಗೆ ಸಿಕ್ಕಿ ಹರಿದ ಚೂಡಿದಾರ್, "ಮುಂದಿನ ಸಲ ನಾನು ಬರಲ್ಲಪ್ಪ" ಎಂಬ ಘೋಷಣೆ, ಇವು ಸಹಜ ಸವೆತದ ಲೆಕ್ಕಕ್ಕೆ ಬರುತ್ತವೆ. ಘೋಷಣೆ ಮಾಡಿದವರೇ ವಾರದೊಳಗೆ ನೆಂಟರಿಗೆ ಫೋನ್ ಮಾಡಿ ಐದು ಉರಿಯ ಒಲೆಯ ವಿಷಯ ಹೇಳುತ್ತಿದ್ದರೆ ದುರಸ್ತಿಯ ಅಗತ್ಯವಿಲ್ಲ.

ಒಂದು ಭಾಗ ಮಾತ್ರ ಕಾಲಕಾಲಕ್ಕೆ ಬದಲಾಗುತ್ತದೆ ಎಂಬುದನ್ನು ಗಮನಿಸಿ: ಅತಿ ನಿಧಾನದ ಭಾಗ. ಈ ವರ್ಷ ಅದು ಮಗ. ನಾಲ್ಕೈದು ವರ್ಷದಲ್ಲಿ ಅವನು ಅಕ್ಕನನ್ನೂ ಹಿಂದಿಕ್ಕಿ ತಿರುವಿನಾಚೆ ಮಾಯವಾಗುತ್ತಾನೆ. ಆಗ ಅಜ್ಜಿಯ ಸರದಿ. ಆಮೇಲೆ ಒಂದು ನವೆಂಬರಿನಲ್ಲಿ, ಎರಡನೇ ಬಾಗಿಲಿನ ಹತ್ತಿರ, ಗೋಡೆಯ ಕಲ್ಲನ್ನು ನೋಡುವ ನೆಪದಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿರುವವರು ನೀವೇ ಆಗಿರುತ್ತೀರಿ. ನಿಧಾನದವರು ಮುಂದೆ ಎಂಬ ನಿಯಮವನ್ನು ಈಗಲೇ ಮನೆಯಲ್ಲಿ ಜಾರಿಗೆ ತಂದುಕೊಳ್ಳಿ. ತಡಮಾಡಿದರೆ ಮುಂದೆ ಅದಕ್ಕೆ ಬಹುಮತ ಸಿಗುವುದು ಕಷ್ಟ.